ಮಗುವಿನ ಜೀನ್ ರಿಪೋರ್ಟ್‌ನಲ್ಲಿ ವಿಟಮಿನ್ ಡಿ ಎದುರು ಕೆಂಪು ಗುರುತು ಬಂದಿದೆಯಾ? ಮುಂದೇನು ಮಾಡಬೇಕು ಅಂತ ಹೇಳ್ತೀನಿ

ಮೊದಲೇ ಒಂದು ಮಾತು. ನಿಮ್ಮ ಮಗು ಈಗ ಸಿಕ್ಕಾಪಟ್ಟೆ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ, ಈ ಬರಹವನ್ನು ಆಮೇಲೆ ಓದಿ. ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ ಬೆರಳು ಚುಚ್ಚಿ ಶುಗರ್ ನೋಡಿಸಿ. ನಾಳೆ ಖಾಲಿ ಹೊಟ್ಟೆಯಲ್ಲಿ ನೋಡೋಣ ಅಂತ ಕಾಯಬೇಡಿ. ಊಟ ಆಗಿದ್ದರೂ ಪರವಾಗಿಲ್ಲ. ಈ ಲಕ್ಷಣಗಳ ಜೊತೆ ಯಾವುದೇ ಹೊತ್ತಿನಲ್ಲಿ ಶುಗರ್ 200 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಡಯಾಬಿಟಿಸ್, ಅಷ್ಟೇ. ಮಕ್ಕಳಲ್ಲಿ ಇದು ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ ಕೈಮೀರುತ್ತದೆ.

ಈಗ ವಿಷಯಕ್ಕೆ ಬರೋಣ. ನಾನು ತೀರ್ಥಹಳ್ಳಿ ಕಡೆ ಒಂದು ಸಣ್ಣ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಈಚೆಗೆ ಅಪ್ಪ-ಅಮ್ಮಂದಿರು ಮೊಬೈಲ್‌ನಲ್ಲಿ ಜೀನ್ ಟೆಸ್ಟ್ ರಿಪೋರ್ಟ್ ಹಿಡಿದುಕೊಂಡು ಬರುತ್ತಾರೆ. ಜೊಲ್ಲು ಕಳಿಸಿ ಮಾಡಿಸಿದ ಟೆಸ್ಟ್ ಅದು. ನಲವತ್ತು ಪುಟ ಇರುತ್ತದೆ. ಅದರಲ್ಲಿ ಎಲ್ಲೋ ಒಂದು ಕಡೆ ‘ವಿಡಿಆರ್ ಜೀನ್, ಅಪಾಯ ಹೆಚ್ಚು’ ಅಂತ ಕೆಂಪು ಬಣ್ಣದಲ್ಲಿ ಬರೆದಿರುತ್ತದೆ. ಮನೆಯಲ್ಲಿ ದೊಡ್ಡ ಮಗುವಿಗೆ ಆಗಲೇ ಟೈಪ್ 1 ಡಯಾಬಿಟಿಸ್ ಇದ್ದರಂತೂ ಆ ಕೆಂಪು ಗುರುತು ನೋಡಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ. ಅವರಿಗೆ ಕೌಂಟರ್‌ನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸೋಕೆ ಆಗೋದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳಬೇಕಾಗಿರೋದು ಒಂದೇ. ಆ ಅಕ್ಷರಗಳನ್ನು ಬದಲಿಸೋಕೆ ಆಗಲ್ಲ, ಅವು ಹೇಳೋ ಸುದ್ದಿಯೂ ಸಣ್ಣದು. ರಕ್ತದಲ್ಲಿರೋ ವಿಟಮಿನ್ ಡಿ ಮಟ್ಟವನ್ನು ಸರಿ ಮಾಡಬಹುದು, ಲಕ್ಷಣಗಳನ್ನು ಬೇಗ ಗುರುತಿಸಬಹುದು. ದುಡ್ಡು, ಗಮನ ಎರಡನ್ನೂ ಅಲ್ಲಿ ಹಾಕಿ.

ರಿಪೋರ್ಟ್‌ನಲ್ಲಿರೋ ಅಕ್ಷರಗಳನ್ನು ಓದೋದು ಹೇಗೆ

ವಿಡಿಆರ್ ಅಂದರೆ ವಿಟಮಿನ್ ಡಿ ರಿಸೆಪ್ಟರ್. ಜೀವಕೋಶದ ಒಳಗಿದ್ದು ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಪ್ರೋಟೀನ್ ಇದು. ಹಿಡಿದ ಮೇಲೆ ಡಿಎನ್‌ಎ ಮೇಲೆ ಹೋಗಿ ಕೂತು ಯಾವ ಜೀನ್ ಜಾಸ್ತಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅಂತ ನಿಯಂತ್ರಿಸುತ್ತದೆ. ಇದು ಮೂಳೆ, ಕರುಳಿನಲ್ಲಿ ಮಾತ್ರ ಇಲ್ಲ. ರೋಗನಿರೋಧಕ ಕೋಶಗಳಲ್ಲೂ ಇದೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲೂ ಇದೆ. ಟೈಪ್ 1 ಅಂದರೆ ನಮ್ಮದೇ ರೋಗನಿರೋಧಕ ಕೋಶಗಳು ದಾರಿ ತಪ್ಪಿ ಈ ಬೀಟಾ ಕೋಶಗಳನ್ನು ಕೊಲ್ಲೋದು. ಹಾಗಾಗಿ ವಿಜ್ಞಾನಿಗಳು ವಿಡಿಆರ್ ಮೇಲೆ ಕಣ್ಣಿಟ್ಟಿದ್ದು ಸಹಜ.

ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಹೆಸರು ಕಾಣುತ್ತವೆ: ಫೋಕ್-1, ಬಿಎಸ್‌ಎಂ-1, ಅಪಾ-1, ಟ್ಯಾಕ್-1. ಇವು ಜೀನ್‌ಗಳ ಹೆಸರಲ್ಲ. ಡಿಎನ್‌ಎಯನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವ, ಬ್ಯಾಕ್ಟೀರಿಯಾಗಳಿಂದ ತೆಗೆದ ಕಿಣ್ವಗಳ ಹೆಸರು. ಹಿಂದೆ ಲ್ಯಾಬ್‌ಗಳಲ್ಲಿ ಈ ಕಿಣ್ವ ಹಾಕಿ ಡಿಎನ್‌ಎ ತುಂಡಾಯಿತಾ ಇಲ್ವಾ ಅಂತ ನೋಡುತ್ತಿದ್ದರು. ತುಂಡಾದರೆ ಇಂಗ್ಲಿಷಿನ ಚಿಕ್ಕಕ್ಷರ, ಆಗದಿದ್ದರೆ ದೊಡ್ಡಕ್ಷರ ಬರೆಯುತ್ತಿದ್ದರು. ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ ಬರೋದರಿಂದ ಎರಡಕ್ಷರ. ನಿಮ್ಮ ರಿಪೋರ್ಟ್‌ನಲ್ಲಿ ‘ದೊಡ್ಡ ಬಿ, ಚಿಕ್ಕ ಬಿ’ ಒಟ್ಟಿಗೆ ಇದ್ದರೆ ಅಷ್ಟೇ ಅರ್ಥ: ಒಂದು ಪ್ರತಿ ಹೀಗಿದೆ, ಇನ್ನೊಂದು ಹಾಗಿದೆ. ದೊಡ್ಡಕ್ಷರ ಅಂದರೆ ಒಳ್ಳೇದು, ಚಿಕ್ಕಕ್ಷರ ಅಂದರೆ ಕೆಟ್ಟದ್ದು ಅಂತ ಏನೂ ಇಲ್ಲ.

ನಾಲ್ಕರಲ್ಲಿ ಪ್ರೋಟೀನನ್ನೇ ಬದಲಿಸೋದು ಫೋಕ್-1 ಒಂದೇ. ಅಲ್ಲಿ ಒಂದಕ್ಷರ ಬದಲಾದರೆ ಪ್ರೋಟೀನ್ ಶುರುವಾಗುವ ಜಾಗ ಬದಲಾಗುತ್ತದೆ. ಒಂದು ಬಗೆಯಲ್ಲಿ 427 ಅಮೈನೊ ಆಮ್ಲಗಳ ಉದ್ದದ ಪ್ರೋಟೀನ್, ಇನ್ನೊಂದರಲ್ಲಿ 424. ಮೂರು ಕಡಿಮೆ ಇರುವ ಗಿಡ್ಡ ಪ್ರೋಟೀನೇ ಸ್ವಲ್ಪ ಚುರುಕು. ಇನ್ನು ಬಿಎಸ್‌ಎಂ-1 ಮತ್ತು ಅಪಾ-1 ಇರೋದು ಪ್ರೋಟೀನ್ ತಯಾರಿಕೆಗೆ ಬಾರದ, ಮಧ್ಯದ ಭಾಗದಲ್ಲಿ. ಟ್ಯಾಕ್-1 ಪ್ರೋಟೀನ್ ಬರೆಯುವ ಭಾಗದಲ್ಲೇ ಇದ್ದರೂ ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗಲ್ಲ. ಅಂದರೆ ಈ ಮೂರರಲ್ಲಿ ಏನು ಬಂದರೂ ನಿಮ್ಮ ಮಗುವಿನ ರಿಸೆಪ್ಟರ್ ‘ಕೆಟ್ಟಿದೆ’ ಅಂತ ಅರ್ಥ ಅಲ್ಲ. ರಿಪೋರ್ಟ್‌ನಲ್ಲಿ ಹಾಗೆ ಬರೆದಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

ಇನ್ನೂ ಕೆಲವು ಹೆಸರು ಬರಬಹುದು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವಾಗ ಡಿಎಚ್‌ಸಿಆರ್7, ಲಿವರ್‌ನಲ್ಲಿ ಅದನ್ನು ಮುಂದಿನ ರೂಪಕ್ಕೆ ತರೋದಕ್ಕೆ ಸಿವೈಪಿ2ಆರ್1, ರಕ್ತದಲ್ಲಿ ಹೊತ್ತು ಸಾಗಿಸೋದಕ್ಕೆ ಜಿಸಿ, ಕೊನೆಗೆ ಕೆಲಸ ಮಾಡುವ ರೂಪಕ್ಕೆ ತರೋದಕ್ಕೆ ಸಿವೈಪಿ27ಬಿ1. ಇವುಗಳಲ್ಲಿನ ವ್ಯತ್ಯಾಸದಿಂದ ಒಬ್ಬರಿಗಿಂತ ಒಬ್ಬರ ರಕ್ತದ ಮಟ್ಟ ಸ್ವಲ್ಪ ಹೆಚ್ಚು ಕಡಿಮೆ ಆಗೋದು ನಿಜ. ಆದರೆ ಬಿಸಿಲು, ಊಟ, ಮೈಬಣ್ಣ, ತೂಕ ಇವೆಲ್ಲ ಸೇರಿ ಮಾಡುವ ವ್ಯತ್ಯಾಸ ಅದಕ್ಕಿಂತ ಜಾಸ್ತಿ.

ಹಾಗಾದರೆ ಡಯಾಬಿಟಿಸ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದು ನಮ್ಮ ಕಡೆಯವರಿಗೆ ಹತ್ತಿರದ ಕಥೆ. 1997ರಲ್ಲಿ ದಕ್ಷಿಣ ಭಾರತದ 93 ಕುಟುಂಬಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಟೈಪ್ 1 ಬಂದ ಮಕ್ಕಳಿಗೆ ಅಪ್ಪ-ಅಮ್ಮನಿಂದ ಬಿಎಸ್‌ಎಂ-1ರ ಚಿಕ್ಕಕ್ಷರದ ಬಗೆ ನಿರೀಕ್ಷೆಗಿಂತ ಹೆಚ್ಚು ಬಂದಿತ್ತು. ವಿಡಿಆರ್ ಮತ್ತು ಮಕ್ಕಳ ಡಯಾಬಿಟಿಸ್ ಅಂತ ಆಸಕ್ತಿ ಹುಟ್ಟಿದ್ದರಲ್ಲಿ ಈ ಅಧ್ಯಯನದ ಪಾಲು ದೊಡ್ಡದು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನೋಡಿದರು. ಒಂದು ಕಡೆ ಈ ಅಕ್ಷರ ಅಪಾಯ ಅಂತ ಬಂತು, ಇನ್ನೊಂದು ಕಡೆ ಅದರ ಎದುರಿನ ಅಕ್ಷರ. 2004ರಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕುಟುಂಬಗಳನ್ನು ಸೇರಿಸಿ ನೋಡಿದಾಗ ಸಂಬಂಧವೇ ಕಾಣಲಿಲ್ಲ. 2006ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗಲೂ ಗಟ್ಟಿ ಸಂಬಂಧ ಸಿಗಲಿಲ್ಲ. ನಿಮ್ಮ ಕೆಂಪು ಗುರುತಿನ ಹಿಂದೆ ಇರೋದು ಬಹಳ ಸಲ ಇಂಥ ಹಳೆಯ, ಸಣ್ಣ ಅಧ್ಯಯನಗಳಲ್ಲಿ ಒಂದು, ನೆನಪಿರಲಿ.

ಹಾಗಂತ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಟೆಡ್ಡಿ ಅಂತ ಒಂದು ದೊಡ್ಡ ಅಧ್ಯಯನ ಇದೆ. ಅಮೆರಿಕ, ಫಿನ್‌ಲ್ಯಾಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ 2004ರಿಂದ ಹುಟ್ಟಿದ ಮಕ್ಕಳನ್ನು, ಟೈಪ್ 1ಕ್ಕೆ ಜೀನ್‌ನಿಂದಲೇ ಅಪಾಯ ಹೆಚ್ಚಿರುವವರನ್ನು ಆರಿಸಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಬೆನ್ನು ಹತ್ತಿ ಹೋದರು. 2018ರಲ್ಲಿ ಅವರು ಹೇಳಿದ್ದು ಹೀಗೆ. ಎಳೆವಯಸ್ಸಿನಲ್ಲಿ ರಕ್ತದ ವಿಟಮಿನ್ ಡಿ ಚೆನ್ನಾಗಿದ್ದ ಮಕ್ಕಳಲ್ಲಿ, ಬೀಟಾ ಕೋಶಗಳ ವಿರುದ್ಧ ಆಂಟಿಬಾಡಿ (ಆ ಕೋಶಗಳ ಮೇಲೆ ದಾಳಿ ಶುರುವಾಗಿದೆ ಅಂತ ರಕ್ತದಲ್ಲಿ ಸಿಗುವ ಗುರುತು) ಹುಟ್ಟುವ ಅಪಾಯ ಸ್ವಲ್ಪ ಕಡಿಮೆ ಇತ್ತು. ಆ ಲಾಭ ಎದ್ದು ಕಂಡಿದ್ದು ಅಪಾ-1 ಜಾಗದಲ್ಲಿ ಅಪರೂಪದ ಅಕ್ಷರ ಇದ್ದ ಮಕ್ಕಳಲ್ಲಿ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಜೀನ್ ಒಂದೇ ನಿಂತು ‘ಬರುತ್ತೆ, ಬರಲ್ಲ’ ಅಂತ ಹೇಳಲ್ಲ. ವಿಟಮಿನ್ ಡಿ ಮಟ್ಟದ ಜೊತೆ ಸೇರಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಇನ್ನೊಂದು ಕಡೆಯನ್ನೂ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2021ರಲ್ಲಿ ಬೇರೆ ರೀತಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಜೀನ್ ಕಾರಣಕ್ಕೆ ವಿಟಮಿನ್ ಡಿ ಕಮ್ಮಿ ಇರುವವರಲ್ಲಿ ಟೈಪ್ 1 ಜಾಸ್ತಿ ಬರುತ್ತದಾ ಅಂತ ಸಾವಿರಾರು ರೋಗಿಗಳ ಜೀನ್ ಮಾಹಿತಿ ಇಟ್ಟುಕೊಂಡು ನೋಡಿದರು. ದೊಡ್ಡ ಪರಿಣಾಮ ಏನೂ ಕಾಣಲಿಲ್ಲ. ಅವರೆಲ್ಲ ಯುರೋಪ್ ಮೂಲದವರು. ಆದರೂ ‘ಡಿ ಹನಿ ಹಾಕಿದರೆ ಶುಗರ್ ಬರಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂಳೆಗೆ ಬೇಕು ಅಂತ ಹಾಕಿ. ಅದರ ಜೊತೆ ಇನ್ನೇನಾದರೂ ಲಾಭ ಆದರೆ ಆಗಲಿ.

ಹಾಗಾದರೆ ದೊಡ್ಡ ಜೀನ್ ಯಾವುದು? ಎಚ್‌ಎಲ್‌ಎ, ಅಂದರೆ ನಮ್ಮದು ಯಾವುದು, ಹೊರಗಿನದು ಯಾವುದು ಅಂತ ರೋಗನಿರೋಧಕ ಕೋಶಗಳು ಗುರುತಿಸೋಕೆ ನೆರವಾಗುವ ಜೀನ್‌ಗಳ ಗುಂಪು. ಆರನೇ ಕ್ರೋಮೊಸೋಮ್‌ನಲ್ಲಿದೆ. ಟೈಪ್ 1ರಲ್ಲಿ ಜೀನ್‌ನಿಂದ ಬರುವ ಅಪಾಯದ ಹೆಚ್ಚುಕಮ್ಮಿ ಅರ್ಧ ಭಾಗ ಈ ಒಂದೇ ಕಡೆಯಿಂದ ಬರುತ್ತದೆ. ಇದರ ಎದುರು ವಿಡಿಆರ್ ಅಂದರೆ ಆಗುಂಬೆಯ ಮಳೆ ಎದುರು ಸೂರಿನ ಹನಿ. ಆ ಎಚ್‌ಎಲ್‌ಎ ಬಗೆ ಇದ್ದವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.

ಸಂಖ್ಯೆಗೆ ಹೆದರದೆ ಲೆಕ್ಕ ಹಾಕಿ

ರಿಪೋರ್ಟ್‌ನಲ್ಲಿ ‘1.3 ಪಟ್ಟು ಅಪಾಯ’ ಅಂತ ಇದ್ದರೆ ತಕ್ಷಣ ಕೇಳಬೇಕಾದ ಪ್ರಶ್ನೆ: ಯಾವುದರ 1.3 ಪಟ್ಟು? ಲೆಕ್ಕಕ್ಕೆ ಸುಮ್ನೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. 1.3 ಪಟ್ಟು ಅಂದರೆ ಹತ್ತು ಸಾವಿರ ಮಕ್ಕಳಲ್ಲಿ ಹತ್ತರ ಬದಲು ಹದಿಮೂರು. ಉಳಿದ 9,987 ಮಕ್ಕಳಿಗೆ ಬರೋದಿಲ್ಲ. ಈ ಲೆಕ್ಕವನ್ನು ಪೇಪರ್ ಮೇಲೆ ಬರೆದು ತೋರಿಸಿದರೆ ಎದುರಿಗೆ ಕೂತವರ ಮುಖ ಸ್ವಲ್ಪ ಸಡಿಲ ಆಗೋದನ್ನು ನಾನು ನೋಡಿದ್ದೇನೆ.

ಮನೆಯಲ್ಲಿ ಯಾರಿಗಾದರೂ ಟೈಪ್ 1 ಇದ್ದರೆ ಲೆಕ್ಕ ಬೇರೆ. ವಿದೇಶಿ ಕುಟುಂಬಗಳ ಅಧ್ಯಯನದ ಪ್ರಕಾರ ಅಣ್ಣ, ಅಕ್ಕ, ತಮ್ಮ, ತಂಗಿಗೆ ಇದ್ದರೆ ಇನ್ನೊಂದು ಮಗುವಿಗೆ ಬರೋದು ನೂರಕ್ಕೆ ಸುಮಾರು ಐದಾರು. ಅಪ್ಪನಿಗಿದ್ದರೂ ಹೆಚ್ಚುಕಮ್ಮಿ ಅಷ್ಟೇ, ಅಮ್ಮನಿಗಿದ್ದರೆ ಎರಡು ಮೂರು. ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ನೂರಕ್ಕೆ ಮೂವತ್ತರಿಂದ ಐವತ್ತು. ಜೀನ್ ಪೂರ್ತಿ ಒಂದೇ ಇದ್ದರೂ ಎಷ್ಟೋ ಅವಳಿಗಳಿಗೆ ಬರಲ್ಲ, ಇದನ್ನು ಯೋಚಿಸಿ ನೋಡಿ. ಇನ್ನೊಂದು ವಿಷಯ, ಹೊಸದಾಗಿ ಟೈಪ್ 1 ಬರುವ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಮನೆಯಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಹಾಗಾಗಿ ‘ನಮ್ಮ ಕಡೆ ಯಾರಿಗೂ ಇಲ್ಲ, ಅವರ ಕಡೆಯಿಂದಲೇ ಬಂದಿದ್ದು’ ಅನ್ನೋ ಮಾತು ದಯವಿಟ್ಟು ಯಾರ ಮನೆಯಲ್ಲೂ ಬೇಡ. ಸೊಸೆಯಂದಿರು ಈ ಮಾತು ಕೇಳಿ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಮಗು ಸಿಹಿ ತಿಂದಿದ್ದರಿಂದ ಬಂದಿದ್ದಲ್ಲ, ಅಮ್ಮ ಬಸುರಿಯಲ್ಲಿ ಏನೋ ಬಿಟ್ಟಿದ್ದರಿಂದ ಬಂದಿದ್ದೂ ಅಲ್ಲ.

ಹಾಗೇ ಆ ರಿಪೋರ್ಟನ್ನು ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದು ಮಗುವಿನ ಸ್ವಂತ ವಿಷಯ. ಹೆಣ್ಣುಮಕ್ಕಳಾದರೆ ಮುಂದೆ ಸಂಬಂಧ ನೋಡುವಾಗ ಇಂಥದ್ದನ್ನೇ ಎತ್ತಿ ಆಡುವವರು ಇದ್ದಾರೆ.

ತಮ್ಮ ತಂಗಿಯ ಬಗ್ಗೆ ನಿಜವಾಗಿ ತಿಳಿಯಬೇಕು ಅನಿಸಿದರೆ ವಿಡಿಆರ್‌ಗಿಂತ ಆಂಟಿಬಾಡಿ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಜಿಎಡಿ65, ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8, ಇನ್ಸುಲಿನ್ ಆಂಟಿಬಾಡಿ ಅಂತ ನಾಲ್ಕಿವೆ. ಎರಡು ಅಥವಾ ಹೆಚ್ಚು ಪಾಸಿಟಿವ್ ಬಂದ ಮಕ್ಕಳಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ ಸುಮಾರು 70 ಮಕ್ಕಳಿಗೆ ಡಯಾಬಿಟಿಸ್ ಬಂದಿದೆ. ಒಂದೇ ಬಂದರೆ ಅಷ್ಟೆಲ್ಲ ಇಲ್ಲ. ಇದು ಎಲ್ಲರೂ ಮಾಡಿಸಬೇಕಾದ ಟೆಸ್ಟ್ ಅಲ್ಲ, ಎಲ್ಲ ಕಡೆ ಆಗೋದೂ ಇಲ್ಲ, ಸ್ಯಾಂಪಲ್ ಹೊರಗೆ ಕಳಿಸಬೇಕು. ಪಾಸಿಟಿವ್ ಬಂದರೆ ಏನು ಮಾಡುತ್ತೇವೆ ಅಂತ ಮೊದಲೇ ಮಾತಾಡಿಕೊಂಡು ಮಾಡಿಸಿ. ಕಾಯಿಲೆಯನ್ನು ಮುಂದೂಡುವ ಟೆಪ್ಲಿಝುಮ್ಯಾಬ್ ಅನ್ನೋ ಔಷಧಕ್ಕೆ ಅಮೆರಿಕದಲ್ಲಿ 2022ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ನಮ್ಮಂಥ ಊರುಗಳಲ್ಲಿ ಆಂಟಿಬಾಡಿ ಟೆಸ್ಟ್‌ನ ದೊಡ್ಡ ಉಪಯೋಗ, ಮನೆಯವರು ಎಚ್ಚರದಿಂದ ಇರುತ್ತಾರೆ ಅನ್ನೋದು.

ಮಲೆನಾಡಿನ ಬಿಸಿಲು

ಈಗ ನಮ್ಮ ಕೈಯಲ್ಲಿರೋ ಕೆಲಸ. ಚರ್ಮದಲ್ಲಿ ವಿಟಮಿನ್ ಡಿ ಮಾಡೋದು ಬಿಸಿಲಿನ ಯುವಿಬಿ ಕಿರಣ. ಸೂರ್ಯ ಕೆಳಗಿದ್ದಾಗ ಈ ಕಿರಣಗಳು ವಾತಾವರಣದಲ್ಲೇ ಹೀರಿಹೋಗುತ್ತವೆ. ನಮ್ಮಲ್ಲಿ ಎಳೆಕೂಸಿಗೆ ಎಣ್ಣೆ ಹಚ್ಚಿ ಬೆಳಗಿನ ಎಳೆಬಿಸಿಲಿಗೆ ಮಲಗಿಸುವ ಪದ್ಧತಿ ಇದೆಯಲ್ಲ, ಕೂಸಿಗೆ ಹಿತ ಇರಬಹುದು, ಅಜ್ಜಿಗೆ ಸಮಾಧಾನ ಇರಬಹುದು, ಆದರೆ ಏಳು ಗಂಟೆ ಬಿಸಿಲಿನಲ್ಲಿ ವಿಟಮಿನ್ ಡಿ ಇಲ್ಲ ಅಂತಲೇ ಹೇಳಬೇಕು. ಸುಲಭದ ಗುರುತು: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡೂವರೆ, ಅಷ್ಟು ಹೊತ್ತು. ಕಿಟಕಿ ಗಾಜಿನ ಹಿಂದೆ ಕೂತರೆ ಆಗಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ.

ನಮ್ಮ ಊರಿನ ಕಷ್ಟ ನಿಮಗೆ ಗೊತ್ತೇ ಇದೆ. ಮೃಗಶಿರ ಮಳೆ ಹಿಡಿದರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಹಿಂದೆ ಒಂದು. ಆಗಸ್ಟ್ ಮಧ್ಯದಲ್ಲಿ ಸೂರ್ಯ ನಮ್ಮ ನೆತ್ತಿ ಮೇಲೇ ಬರುತ್ತಾನೆ, ಆದರೆ ಆಗುಂಬೆ, ಹೊಸನಗರ ಕಡೆ ಆಗ ಅವನ ಮುಖ ಕಂಡರೆ ದೊಡ್ಡದು. ಮಕ್ಕಳು ಸ್ವೆಟರ್, ರೇನ್‌ಕೋಟ್ ಒಳಗೆ. ರಜಾ ಕೊಟ್ಟರೂ ಜಗುಲಿ ದಾಟುವಂತಿಲ್ಲ. ರಕ್ತದಲ್ಲಿರೋ ವಿಟಮಿನ್ ಡಿ ಎರಡು ಮೂರು ವಾರಕ್ಕೆ ಅರ್ಧದಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿ ಆಡಿ ಬಂದ ಮಗುವಿಗೂ ಮಳೆಗಾಲ ಮುಗಿಯುವ ಹೊತ್ತಿಗೆ ಕಮ್ಮಿ ಆಗಿರಬಹುದು. ಹಾಗಾಗಿ ಟೆಸ್ಟ್ ಮಾಡಿಸಲೇಬೇಕು ಅಂತಿದ್ದರೆ, ಯಾವ ತಿಂಗಳಲ್ಲಿ ಮಾಡಿಸಿದ್ದು ಅಂತ ನೋಡಿಕೊಂಡೇ ಸಂಖ್ಯೆ ಓದಿ. ಮೇನಲ್ಲಿ 22 ಬಂದಿದ್ದು, ಸೆಪ್ಟೆಂಬರಿನಲ್ಲಿ 22 ಬಂದಿದ್ದು ಎರಡೂ ಒಂದೇ ಅಲ್ಲ.

ಮಳೆ ಬಿಟ್ಟ ಮೇಲೆ ಬಿಸಿಲಿಗೆ ಬರ ಇಲ್ಲ. ಅಡಿಕೆ ಒಣಗಿಸೋ ಕಾಲದಲ್ಲಿ ಅಂಗಳದ ತುಂಬ ಬಿಸಿಲು. ಮಕ್ಕಳನ್ನು ಅಲ್ಲಿ ಆಡೋಕೆ ಬಿಡಿ. ಕೈಕಾಲಿಗೆ ಬಿಸಿಲು ತಾಗಬೇಕು, ಪೂರ್ತಿ ತೋಳಿನ ಅಂಗಿ ಹಾಕಿಸಿ ಕೂರಿಸಿದರೆ ಉಪಯೋಗ ಇಲ್ಲ. ನಮ್ಮ ಮೈಬಣ್ಣಕ್ಕೆ ವಾರದಲ್ಲಿ ನಾಲ್ಕೈದು ದಿನ ಅರ್ಧ ಗಂಟೆ ಇಟ್ಟುಕೊಳ್ಳಿ, ಚರ್ಮ ಸುಡುವಷ್ಟು ಬೇಡ. ಆರು ತಿಂಗಳೊಳಗಿನ ಕೂಸನ್ನು ಮಾತ್ರ ಮಧ್ಯಾಹ್ನದ ಬಿಸಿಲಿಗೆ ಹಿಡಿಯಬೇಡಿ, ಅವಕ್ಕೆ ಹನಿಯೇ ಸರಿ.

ಊಟದ ವಿಷಯ ಬೇಗ ಮುಗಿಯುತ್ತದೆ. ವಿಟಮಿನ್ ಡಿ ಇರೋ ಆಹಾರ ಕಮ್ಮಿ. ಮೀನು ತಿನ್ನುವವರಿಗೆ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆ ಒಳ್ಳೆಯವು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು (ವಿಟಮಿನ್ ಅಳೆಯುವ ಮಾನ). ಪ್ಯಾಕೆಟ್ ಹಾಲಾದರೆ ಮೇಲೆ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದೆಯಾ ನೋಡಿ. ಇದ್ದರೆ ವಿಟಮಿನ್ ಡಿ ಸೇರಿಸಿರುತ್ತಾರೆ, ಲೀಟರಿಗೆ 200ರಿಂದ 300 ಐಯು. ಒಂದು ಲೋಟಕ್ಕೆ ಲೆಕ್ಕ ಹಾಕಿದರೆ ಐವತ್ತರ ಆಸುಪಾಸು. ಮನೆಯ ಹಸುವಿನ ಹಾಲು ಕ್ಯಾಲ್ಸಿಯಂಗೆ ಬಹಳ ಒಳ್ಳೆಯದು, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಮ್ಮಿ. ಮನೆಹಾಲು ಕುಡಿಸುತ್ತೇವಲ್ಲ ಅಂತ ಹನಿ ಬಿಡಬೇಡಿ.

ಹನಿ ಎಷ್ಟು, ಸ್ಯಾಚೆಟ್ ಯಾಕೆ ಬೇಡ

ಹುಟ್ಟಿದ ಮೇಲೆ ಮೊದಲ ವರ್ಷ ದಿನಕ್ಕೆ 400 ಐಯು. ಎದೆಹಾಲು ಕುಡಿಯುವ ಕೂಸಿಗೂ ಬೇಕು, ಎದೆಹಾಲಿನಲ್ಲಿ ಅದು ಸಾಕಷ್ಟು ಇರೋದಿಲ್ಲ. ಒಂದು ವರ್ಷದ ಮೇಲೆ ದಿನದ ಅಗತ್ಯ 600 ಐಯು. ಜೀನ್ ರಿಪೋರ್ಟ್‌ನಲ್ಲಿ ಏನೇ ಬಂದಿರಲಿ, ಅದನ್ನು ನೋಡಿ ಈ ಪ್ರಮಾಣ ಏರಿಸೋಕೆ ಹೋಗಬೇಡಿ. ಹಾಗೆ ಏರಿಸಿ ಅಂತ ಯಾವ ಮಾರ್ಗಸೂಚಿಯೂ ಹೇಳಿಲ್ಲ.

ಬಾಟಲಿ ಕೈಗೆ ಬಂದ ಕೂಡಲೇ ಲೇಬಲ್ ಓದಿ. ಒಂದು ಬ್ರ್ಯಾಂಡಿನಲ್ಲಿ ಒಂದು ಎಂಎಲ್‌ಗೆ 400 ಐಯು ಇದ್ದರೆ ಇನ್ನೊಂದರಲ್ಲಿ 800 ಇರುತ್ತದೆ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟಾಗ ಅದೇ ‘ಒಂದು ಎಂಎಲ್’ ಹಾಕುತ್ತಾ ಹೋದರೆ ಎರಡರಷ್ಟಾಯಿತು. ಬಾಟಲಿ ಜೊತೆ ಬರುವ ಡ್ರಾಪರನ್ನೇ ಬಳಸಿ, ಹಳೆ ಬಾಟಲಿಯದ್ದು ಬೇಡ. ಕೆಲವು ಲೇಬಲ್‌ನಲ್ಲಿ ಮೈಕ್ರೊಗ್ರಾಂ ಇರುತ್ತದೆ. 10 ಮೈಕ್ರೊಗ್ರಾಂ ಅಂದರೆ 400 ಐಯು.

ಸ್ಯಾಚೆಟ್ ವಿಷಯದಲ್ಲಿ ನನಗೆ ನಿಜವಾಗಿ ಆತಂಕ ಇದೆ. ದೊಡ್ಡವರು ಮಂಡಿನೋವಿಗೆ ವಾರಕ್ಕೊಂದು ತೆಗೆದುಕೊಳ್ಳುವ ಪುಡಿಯಲ್ಲಿ 60,000 ಐಯು ಇರುತ್ತದೆ. ಒಂದು ಕೂಸಿಗೆ 150 ದಿನಕ್ಕೆ ಆಗುವಷ್ಟು. ‘ನನಗೆ ಬರೆದುಕೊಟ್ಟಿದ್ದು, ಮೊಮ್ಮಗನಿಗೂ ಹಾಲಿಗೆ ಹಾಕಿದೆ’ ಅಂದವರಿದ್ದಾರೆ. ವಿಟಮಿನ್ ಡಿ ನೀರಿನಲ್ಲಿ ಕರಗುವ ವಿಟಮಿನ್ ಅಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ ಆಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಾಯಾರಿಕೆ, ಮೂತ್ರ ಎರಡೂ ಡಯಾಬಿಟಿಸ್‌ನ ಲಕ್ಷಣಗಳೇ, ನೋಡಿ. ಡಯಾಬಿಟಿಸ್ ತಪ್ಪಿಸೋಕೆ ಅಂತ ಕೊಟ್ಟಿದ್ದೇ ಡಯಾಬಿಟಿಸ್ ಥರ ಕಾಣಿಸಿ ಎಲ್ಲರನ್ನೂ ಗಾಬರಿ ಮಾಡಬಹುದು. ಮಕ್ಕಳ ಡಾಕ್ಟರ್ ನೋಡಿ, ತೂಕ-ವಯಸ್ಸು ಲೆಕ್ಕ ಹಾಕಿ ಬರೆದುಕೊಟ್ಟರೆ ಮಾತ್ರ ದೊಡ್ಡ ಡೋಸ್.

ಆರೋಗ್ಯವಾಗಿರೋ ಮಗುವಿಗೆ ಸುಮ್ನೆ ವಿಟಮಿನ್ ಡಿ ಟೆಸ್ಟ್ ಬೇಡ. ಕಾಲು ಬಾಗಿದ್ದರೆ, ನಡೆಯೋದು ತಡವಾದರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಗೋಧಿ ಅಂಶ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದರೆ ಮಾಡಿಸಬೇಕು. ಟೈಪ್ 1 ಇರುವ ಮಕ್ಕಳಲ್ಲಿ ಸೀಲಿಯಾಕ್ ಬೇರೆ ಮಕ್ಕಳಿಗಿಂತ ಹೆಚ್ಚು ಕಾಣುತ್ತದೆ, ಅದಿದ್ದರೆ ಕರುಳು ವಿಟಮಿನ್ ಡಿಯನ್ನು ಸರಿಯಾಗಿ ಹೀರಲ್ಲ. ಹಾಗಾಗಿ ದೊಡ್ಡ ಮಗುವಿಗೆ ಎಷ್ಟು ಹನಿ ಹಾಕಿದರೂ ಮಟ್ಟ ಏರುತ್ತಿಲ್ಲ ಅಂದರೆ ವಿಡಿಆರ್ ಮೇಲೆ ಹಾಕುವ ಮೊದಲು ಸೀಲಿಯಾಕ್ ಟೆಸ್ಟ್ ಬಗ್ಗೆ ಕೇಳಿ.

ಟೆಸ್ಟ್ ಬರೆಸುವಾಗ ‘25 ಹೈಡ್ರಾಕ್ಸಿ ವಿಟಮಿನ್ ಡಿ’ ಅಂತಲೇ ಇರಬೇಕು. ‘1,25’ ಅನ್ನೋದು ಬೇರೆ ಟೆಸ್ಟ್, ದುಬಾರಿ, ಕೊರತೆ ಇದ್ದಾಗಲೂ ಅದು ಸರಿಯಾಗೇ ಬರಬಹುದು. ಖಾಲಿ ಹೊಟ್ಟೆ ಬೇಕಿಲ್ಲ. ಮಗು ಕೂದಲಿಗೆ ಅಂತ ಬಯೋಟಿನ್ ಇರುವ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಲ್ಯಾಬ್‌ನಲ್ಲಿ ಮೊದಲೇ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಸಂಖ್ಯೆಯನ್ನೇ ಏರುಪೇರು ಮಾಡುತ್ತದೆ. ರಿಪೋರ್ಟ್ ನ್ಯಾನೊಗ್ರಾಂನಲ್ಲಿದ್ದರೆ ಮಕ್ಕಳಿಗೆ 20ರ ಮೇಲೆ ಸಾಕು, 12ಕ್ಕಿಂತ ಕೆಳಗೆ ಕೊರತೆ. ಎಷ್ಟೋ ಲ್ಯಾಬ್‌ಗಳು 30ಕ್ಕಿಂತ ಕಮ್ಮಿ ಇದ್ದರೆ ಕೆಂಪು ಗುರುತು ಹಾಕುತ್ತವೆ, 24 ಬಂದ ಮಗುವಿಗೆ ಅದಕ್ಕಾಗಿ ಔಷಧಿ ಬೇಕಿಲ್ಲ. ನ್ಯಾನೊಮೋಲ್‌ನಲ್ಲಿದ್ದರೆ ಎರಡೂವರೆಯಿಂದ ಭಾಗಿಸಿ ನೋಡಿ.

ಲಕ್ಷಣಗಳನ್ನು ಇನ್ನೊಂದು ಸಲ, ಬಿಡಿಸಿ

ಟೈಪ್ 1 ಹೆಚ್ಚಾಗಿ ಶುರುವಾಗೋದು ನಾಲ್ಕರಿಂದ ಏಳು, ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ. ಮಳೆಗಾಲದಲ್ಲಿ ಇಲ್ಲಿ ಒಂದು ಮೋಸ ಆಗುತ್ತದೆ. ಥಂಡಿಗೆ ಎಲ್ಲರೂ ಜಾಸ್ತಿ ಮೂತ್ರ ಮಾಡುತ್ತಾರೆ, ಅದೇ ಇರಬೇಕು ಅಂತ ಬಿಟ್ಟುಬಿಡುತ್ತೇವೆ. ಆದರೆ ಥಂಡಿಗೆ ಮೂತ್ರ ಜಾಸ್ತಿಯಾದ ಮಗು ರಾತ್ರಿ ಎದ್ದು ಚೊಂಬುಗಟ್ಟಲೆ ನೀರು ಕುಡಿಯೋದಿಲ್ಲ. ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಗದರಬೇಡಿ, ಶುಗರ್ ನೋಡಿಸಿ. ಬಚ್ಚಲಲ್ಲಿ ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ಮನೆಯ ಹಿರಿಯರು ಗಮನಿಸಿ ಹೇಳಿದರೆ, ಆ ಮಾತನ್ನು ತಳ್ಳಿಹಾಕಬೇಡಿ.

ವಾಂತಿ, ಹೊಟ್ಟೆನೋವು, ಉಸಿರು ಜೋರಾಗಿ ಆಳವಾಗಿ ಎಳೆಯೋದು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ, ಮಂಪರು ಇವು ಬಂದರೆ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿದೆ ಅಂತ ಅರ್ಥ. ಗ್ಯಾಸ್ ಅಂತಲೋ, ವಿಷಮಶೀತ ಅಂತಲೋ ಬಿಟ್ಟು ಮಲಗಿಸಬೇಡಿ. ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ರಾತ್ರಿ ಮಳೆಯಲ್ಲಿ ಹೊರಟರೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಬೇಕಿಲ್ಲ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ನೋಡಿಸಿ, ಡ್ರಿಪ್ ಹಾಕಿಸಿ, ಅಲ್ಲಿಂದ ಮೆಗ್ಗಾನ್‌ಗೋ ಬೇರೆ ದೊಡ್ಡ ಆಸ್ಪತ್ರೆಗೋ ಹೋಗಿ. 108ಕ್ಕೆ ಫೋನ್ ಮಾಡುವಾಗ ‘ಮಗುವಿನ ಶುಗರ್ ಜಾಸ್ತಿ ಇದೆ, ವಾಂತಿ ಆಗುತ್ತಿದೆ’ ಅಂತ ಸ್ಪಷ್ಟವಾಗಿ ಹೇಳಿ. ಒಂದು ಮಗುವಿಗೆ ಟೈಪ್ 1 ಇರೋ ಮನೆಯಲ್ಲಿ ಗ್ಲುಕೋಮೀಟರ್ ಹೇಗೂ ಇರುತ್ತದೆ. ತಮ್ಮನೋ ತಂಗಿಯೋ ಸುಸ್ತಾಗಿ ನೀರು ನೀರು ಅಂದರೆ ಅದೇ ಮೀಟರಿನಲ್ಲಿ, ಹೊಸ ಸೂಜಿ ಹಾಕಿ, ಕೈ ಚೆನ್ನಾಗಿ ತೊಳೆಸಿ ನೋಡಿ. ಹಣ್ಣು ತಿಂದ ಕೈಯಲ್ಲಿ ನೋಡಿದರೆ ಸುಳ್ಳು ಸಂಖ್ಯೆ ಬರುತ್ತದೆ.

ಒಮ್ಮೆ ಟೈಪ್ 1 ಅಂತ ಆದ ಮೇಲೆ ಇನ್ಸುಲಿನ್ ಬೇಕೇ ಬೇಕು. ವಿಟಮಿನ್ ಡಿಯಾಗಲಿ, ಕಷಾಯವಾಗಲಿ ಅದರ ಜಾಗಕ್ಕೆ ಬರಲ್ಲ. ಶುರುವಿನಲ್ಲಿ ಕೆಲವು ತಿಂಗಳು ಇನ್ಸುಲಿನ್ ತೀರಾ ಕಮ್ಮಿ ಸಾಕಾಗುವ ಕಾಲ ಬರುತ್ತದೆ. ಆಗ ಯಾವುದೋ ಹನಿಯಿಂದ, ಪುಡಿಯಿಂದ ವಾಸಿಯಾಯಿತು ಅಂತ ಇಂಜೆಕ್ಷನ್ ನಿಲ್ಲಿಸಿದ ಮಕ್ಕಳು ಐಸಿಯುಗೆ ಬರುತ್ತಾರೆ.

ಡಾಕ್ಟರ್ ಹತ್ತಿರ ಹೋಗುವಾಗ ನಲವತ್ತು ಪುಟದ ಜೀನ್ ರಿಪೋರ್ಟ್ ಪೂರ್ತಿ ಹೊತ್ತುಕೊಂಡು ಹೋಗೋದು ಬೇಡ, ಆ ಒಂದು ಪುಟ ಸಾಕು. ಅದರ ಜೊತೆ ಈಗ ಹಾಕುತ್ತಿರುವ ಹನಿಯ ಬಾಟಲಿ, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿಗೆ ಶುಗರ್, ಥೈರಾಯ್ಡ್ ಬಂತು ಅಂತ ಬರೆದ ಚೀಟಿ, ಮಗುವಿನ ತೂಕದ ಹಳೆಯ ದಾಖಲೆ ಇರಲಿ. ಅಂಗನವಾಡಿ ಕಾರ್ಡ್‌ನಲ್ಲಿ ತೂಕ ಬರೆದಿರುತ್ತಾರೆ, ಅದನ್ನೇ ತಗೊಂಡು ಹೋಗಿ. ಕೊರತೆಗೆ ಔಷಧಿ ಬರೆದರೆ ಎಷ್ಟು ಐಯು, ಎಷ್ಟು ವಾರ ಅಂತ ಚೀಟಿ ಮೇಲೆ ಬರೆಸಿಕೊಳ್ಳಿ, ಮುಗಿದ ದಿನ ನಿಲ್ಲಿಸಿ ದಿನದ ಮಾಮೂಲಿ ಡೋಸ್‌ಗೆ ಬನ್ನಿ. ಮೂರು ತಿಂಗಳ ಮೇಲೆ ಮತ್ತೆ ನೋಡುವಾಗ ಮೊದಲು ಮಾಡಿಸಿದ ಲ್ಯಾಬ್‌ನಲ್ಲೇ ಮಾಡಿಸಿ, ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸೋಕೆ ಬರೋದಿಲ್ಲ.